ಭಾವ ಪಾಸ್ ಮಾಡದ ಸೇತುವೆ

ತೂಗುವುದೆಲ್ಲ ಒಂದಲ್ಲ ಒಂದು ದಿನ ಬೀಳಲೇಬೇಕು ಎಂದು ನಂಬಿರುವ ಮನುಷ್ಯನಿಗೆ ಯಾರಾದರೂ ಹೆಣ್ಣು ಕೊಡುತ್ತಾರೆಯೇ? ನಾವು ಕೊಟ್ಟಿದ್ದೇವೆ! ಅದೂ ಇದ್ದ ಒಬ್ಬಳೇ ಅಕ್ಕನನ್ನು, ಚಿತ್ರದುರ್ಗದಿಂದ ವಡೋದರಾದವರೆಗೆ ರೈಲು ಹತ್ತಿಸಿ ಕಳಿಸಿದ್ದೇವೆ. ಮುನ್ಸೂಚನೆ ಇರಲಿಲ್ಲ ಎನ್ನುವ ಹಾಗಿಲ್ಲ. ಮದುವೆ ಮಂಟಪದಲ್ಲೇ ಸಿಕ್ಕಿತ್ತು. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೈ ಆಡಿಸುತ್ತಿದ್ದರು, ವಾಲಗದವರು ಕೆನ್ನೆ ಉಬ್ಬಿಸಿದ್ದರು, ನಾವೆಲ್ಲ ಅಕ್ಷತೆ ಹಿಡಿದು ತುದಿಗಾಲಲ್ಲಿ ನಿಂತಿದ್ದೆವು. ಆಗ ನಮ್ಮ ಭಾವ ಮಾಂಗಲ್ಯದ ಅರಿಶಿನ ದಾರದ ಎರಡೂ ತುದಿ ಹಿಡಿದು ಫಟ್ ಫಟ್ ಎಂದು ಎಳೆದು ನೋಡಿದರು.

"ಇದೇನಪ್ಪಾ, ಮುಹೂರ್ತದ ಹೊತ್ತಲ್ಲಿ!" ಎಂದರು ಪುರೋಹಿತರು.

"ತಡೀರಿ ಆಚಾರ್ರ. ಇದರಾಗ ಬಂಗಾರ ತೂಗೂದೈತಿ. ಲೋಡ್ ತಡೀತೈತೋ ಇಲ್ಲೋ ನೋಡಬೇಕಲ್ಲ?"

ವಾಲಗದವನಿಗೆ ಉಸಿರು ಕಟ್ಟಿ ಕಣ್ಣಲ್ಲಿ ನೀರು ಬಂತು. ನಮ್ಮಜ್ಜಿ ಮಾತ್ರ, "ಗಟ್ಟಿ ನೋಡಿ ಕಟ್ಟೋ ಗಂಡು, ಬಾಳಿಸ್ತಾನೆ ಬಿಡ್ರೇ" ಎಂದು ತೀರ್ಪು ಕೊಟ್ಟು ಅಕ್ಷತೆ ಎಸೆದೇಬಿಟ್ಟಳು.

ಭಾವನವರು ಗದಗಿನ ಕಡೆಯವರು. ವಡೋದರಾದ ಮಕರಪುರದಲ್ಲಿ, ಕ್ರೇನು ತಯಾರಿಸುವ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡುತ್ತಿದ್ದರು. ಕ್ರೇನು ಎಷ್ಟು ಭಾರ ಎತ್ತುತ್ತದೆಂದು ಬರೆದಿದೆಯೋ ಅದಕ್ಕಿಂತ ಇನ್ನಷ್ಟು ಹೆಚ್ಚು ಭಾರ ತೂಗುಹಾಕಬೇಕು, ಏಣಿ ಹತ್ತಿ ಮೇಲೆ ಹೋಗಿ ಕೊಕ್ಕೆ, ಸರಪಳಿ, ಬೋಲ್ಟುಗಳನ್ನು ಪುಟ್ಟ ಸುತ್ತಿಗೆಯಿಂದ ಬಡಿದು ಸದ್ದು ಕೇಳಬೇಕು, ಎಲ್ಲ ಸರಿಯಿದ್ದರೆ "ಪಾಸ್" ಎನ್ನಬೇಕು. ಅವರು ಪಾಸ್ ಎನ್ನದೆ ಒಂದು ಕ್ರೇನೂ ಗೇಟು ದಾಟುತ್ತಿರಲಿಲ್ಲ. ಇಲ್ಲಿಯವರೆಗೆ ಎಲ್ಲ ಸರಿಯೇ. ತೊಂದರೆ ಏನೆಂದರೆ, ಆ ಕಾರ್ಖಾನೆಯ ಗೇಟು ಎಲ್ಲಿ ಮುಗಿಯುತ್ತದೆ ಎನ್ನುವುದು ಅವರಿಗೆ ಯಾವತ್ತೂ ತಿಳಿಯಲಿಲ್ಲ. ನಿವೃತ್ತರಾದ ಮೇಲಂತೂ ಇಡೀ ಜಗತ್ತೇ ಅವರ ಸಹಿಗೆ ಕಾದು ನಿಂತಿದೆ!

ನನ್ನನ್ನು ಬ್ಯಾಂಕಿನವರು ವಡೋದರಾಕ್ಕೆ ವರ್ಗ ಮಾಡಿದಾಗ ಅಕ್ಕನ ಸೊಸೈಟಿಯಲ್ಲೇ, ಅವಳ ಮನೆಯ ಮೇಲಿನ ಮಹಡಿಯಲ್ಲೇ, ಬಾಡಿಗೆಗೆ ಫ್ಲ್ಯಾಟು ಸಿಕ್ಕಿತು. ಹಾಲು ಉಕ್ಕಿಸೋಣವೆಂದು ಅಕ್ಕ ಪಾತ್ರೆ ತಂದಳು. ಭಾವ ಹಿಂದಿನಿಂದ ಒಂದು ಮರಳಿನ ಮೂಟೆ ಹೊತ್ತು ತಂದರು. ಏದುಸಿರು ಬಿಡುತ್ತಾ ಸ್ಟೂಲು ಹತ್ತಿ ನನ್ನ ಫ್ಯಾನು ಬಿಚ್ಚಿ ಕೆಳಗಿಟ್ಟು, ಅದರ ಕೊಕ್ಕೆಗೆ ಮರಳಿನ ಮೂಟೆ ತೂಗುಹಾಕಿದರು. "ಯಾರೂ ಕೆಳಗ ಹಾಯಬ್ಯಾಡ್ರಿ!" ಎಂದು ಅಪ್ಪಣೆಯಾಯಿತು. ಪಕ್ಕದ ಮನೆಯವರೂ ಬಂದು ನಿಂತರು. ನಾವೆಲ್ಲ ಕತ್ತು ಮೇಲೆತ್ತಿ ಮೂಟೆಯನ್ನೇ ನೋಡುತ್ತಾ ನಿಂತುಬಿಟ್ಟೆವು. ಮೂಟೆ ಬೀಳಲಿಲ್ಲ. ಅಡುಗೆಮನೆಯಿಂದ ಸೀದ ವಾಸನೆ ಬಂತು. ಹೋಗಿ ನೋಡಿದರೆ ಹಾಲು ಉಕ್ಕಿ, ಹರಿದು, ಒಲೆಯ ಮೇಲೆಲ್ಲ ಸೀದು, ಪಾತ್ರೆ ಕರ್ರಗೆ ಕೂತಿತ್ತು.

"ಉಕ್ಕೂದ ಮುಖ್ಯ ಅಲ್ಲೇನ ತಂಗಿ?" ಎಂದರು ಭಾವ, ಮೂಟೆ ಇಳಿಸುತ್ತಾ.

ನನ್ನ ಮನೆಯ ಫ್ಯಾನು ಪಾಸಾಯಿತು. ಅವರ ಮನೆಯದು ಇಂದಿಗೂ ಆಗಿಲ್ಲ! ಅಲ್ಲಿ ಫ್ಯಾನು ಕೋಣೆಯ ನಟ್ಟನಡುವೆ ಬರಿನೆಲಕ್ಕೆ ಗಾಳಿ ಹಾಕುತ್ತದೆ, ಮಂಚಗಳು ಗೋಡೆಯ ಪಕ್ಕದಲ್ಲಿ ಬೆವರುತ್ತವೆ. ವಡೋದರಾದ ಮೇ ತಿಂಗಳು ಕಂಡವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ಇಂಥ ಮನುಷ್ಯನ ಜತೆ ಅಕ್ಕ ಒಂದೇ ಒಂದು ಆಸೆ ಇಟ್ಟುಕೊಂಡು ಬಾಳಿದಳು. ಆ ಆಸೆಯೋ, ತೂಗುವಂಥದ್ದು!

ಅಕ್ಕ ಇಲ್ಲಿನ ಶಾಲೆಯೊಂದರಲ್ಲಿ ಜೀವಶಾಸ್ತ್ರದ ಟೀಚರಾಗಿದ್ದವಳು. ಪ್ರತಿ ವರ್ಷ ಮಳೆಕಾಡಿನ ಪಾಠ ಬರುತ್ತಿತ್ತು. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಕಾಡಿನ ನೆಲ, ಪೊದೆ, ಅದರ ಮೇಲೆ ಎಲೆಗಳ ಚಾವಣಿ, ಅದನ್ನೂ ದಾಟಿ ನಿಂತ ಹೆಮ್ಮರಗಳು, ಎಲ್ಲವನ್ನೂ ಅಂದವಾಗಿ ಬರೆಯುತ್ತಿದ್ದಳು. ಮಕ್ಕಳು ಕಂಡದ್ದು ಬೇವು ಮತ್ತು ಅಶೋಕದ ಮರ. ಪ್ರತಿ ವರ್ಷ ಯಾವುದಾದರೊಂದು ತರಲೆ ಕೈ ಎತ್ತಿ, "ಟೀಚರ್, ಆಪ್‌ನೇ ದೇಖಾ ಹೈ?" ಎಂದು ಕೇಳುತ್ತಿತ್ತು. ಚಿತ್ರದುರ್ಗದ ಬಂಡೆ, ಜಾಲಿಗಳ ನಡುವೆ ಹುಟ್ಟಿದ ನಮ್ಮಕ್ಕ ಎಲ್ಲಿಂದ ನೋಡಬೇಕು? "ನಹೀ ಬೇಟಾ, ಅಭೀ ನಹೀ" ಎನ್ನುತ್ತಿದ್ದಳು. ಆ 'ಅಭೀ ನಹೀ', 'ಇನ್ನೂ ಇಲ್ಲ' ಎನ್ನುತ್ತಲೇ ಅವಳೂ ನಿವೃತ್ತಳಾದಳು.

"ಜೀವನ ಎಲ್ಲಾ ಮರದ ಬುಡದಲ್ಲೇ ನಿಂತು ನೋಡಿದ್ದಾಯ್ತು ಕಣೇ. ಒಂದ್ಸಲ ಮೇಲಿಂದ ನೋಡ್ಬೇಕು. ಮರದ ನೆತ್ತಿ ಹೇಗಿರುತ್ತೆ ಅಂತ" ಎಂದಳು ಒಂದು ದಿನ ನನ್ನ ಹತ್ತಿರ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ.

ಮಂಡಿಯ ಕಥೆಯಲ್ಲೂ ಭಾವನದೇ ಪಾತ್ರ. ವಡೋದರಾಕ್ಕೆ ಬಂದ ನೆಂಟರನ್ನೆಲ್ಲ ಪಾವಾಗಢ ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕಲ್ಲ? ಅಲ್ಲಿ ಜನ ತಂತಿಗೆ ತೂಗುವ ಉಡನ್ ಖಟೋಲಾದಲ್ಲಿ, ಅಂದರೆ ರೋಪ್‌ವೇಯಲ್ಲಿ, ಕೂತು ಜುಮ್ಮೆಂದು ಮೇಲೆ ಹೋಗುತ್ತಾರೆ. ಭಾವ ಅದನ್ನು ತಲೆಯೆತ್ತಿ ನೋಡಿ, "ನಾ ಪಾಸ್ ಮಾಡಿಲ್ಲ" ಎಂದು ಮೆಟ್ಟಿಲಿನ ಕಡೆ ತಿರುಗುತ್ತಾರೆ. ಗಂಡ ಮೆಟ್ಟಿಲು ಹತ್ತಿದರೆ ಹೆಂಡತಿ ಗಾಳಿಯಲ್ಲಿ ಹೋಗುವುದುಂಟೆ? ಹರಕೆ ಹೊರದೆಯೇ ಹರಕೆ ತೀರಿಸಿದವಳು ನಮ್ಮಕ್ಕ! ಪ್ರತಿ ನೆಂಟನಿಗೂ ಒಂದಿಷ್ಟು ಮಂಡಿ ಸವೆಸಿ, ಕೊನೆಗೆ ಡಾಕ್ಟರು, "ಹೊಸ ವರ್ಷಕ್ಕೆ ಆಪರೇಷನ್. ಆಮೇಲೆ ಸಮತಟ್ಟು ನೆಲ ಮಾತ್ರ. ಅಲುಗಾಡೋ ಜಾಗ ಎಲ್ಲ ಮರೆತುಬಿಡಿ" ಎಂದು ಹೇಳುವಲ್ಲಿಗೆ ಬಂದು ನಿಂತಳು.

ಈಗ ಸೂರತ್ತಿಗೆ ಹೋಗೋಣ. ಅಕ್ಕನ ಮಗಳು ಪುಟ್ಟಿ ಹುಟ್ಟಿ ಬೆಳೆದದ್ದೆಲ್ಲ ಗುಜರಾತಿನಲ್ಲಿ. ಅವಳ ಕನ್ನಡ ಅಡುಗೆಮನೆಯ ಹೊಸಿಲು ದಾಟುವುದಿಲ್ಲ. ಅವಳು ಮೆಚ್ಚಿದ ಹುಡುಗ ಸೂರತ್ತಿನ ವರಾಛಾದವನು. ಮನೆತುಂಬ ಅಣ್ಣತಮ್ಮಂದಿರು, ಮನೆಯ ಹಿಂದೆಯೇ ವಜ್ರಕ್ಕೆ ಮೆರುಗು ಕೊಡುವ ಕಾರ್ಖಾನೆ. ಮಾತುಕತೆಗೆಂದು ನಾವು ಹೋದೆವು. ಅಲ್ಲಿನ ಮನೆಗಳ ಪದ್ಧತಿ ನಿಮಗೆ ಗೊತ್ತಿರಬಹುದು: ಹಜಾರದ ನಡುವೆ ಹಿತ್ತಾಳೆಯ ಸರಪಳಿಯಲ್ಲಿ ಮಂಚದಷ್ಟು ದೊಡ್ಡ ಉಯ್ಯಾಲೆ, ಹಿಂಚ್ಕೋ ಎನ್ನುತ್ತಾರೆ. ಮನೆಯ ಸಕಲ ತೀರ್ಮಾನಗಳೂ ಅದರ ಮೇಲೆಯೇ ಆಗುವುದು. ಬಂದ ಅತಿಥಿಗೆ ಅದೇ ಸಿಂಹಾಸನ. ನಾನು ಬಾಗಿಲಲ್ಲೇ ಭಾವನ ಮುಖ ನೋಡಿದೆ.

"ಆವೋ ಆವೋ, ಬೇಸೋ ಬೇಸೋ!" ಎಂದರು ಹುಡುಗನ ತಂದೆ, ಎರಡೂ ಕೈಯಲ್ಲಿ ಉಯ್ಯಾಲೆ ತೋರಿಸುತ್ತಾ. ಇನ್ನು ಮುಂದೆ ಅವರನ್ನು ವೇವಾಯಿ ಎನ್ನುತ್ತೇನೆ, ಬೀಗರಿಗೆ ಅಲ್ಲಿ ಹಾಗೇ ಹೇಳುವುದು.

ಭಾವ ಕೂರಲಿಲ್ಲ. ಚಾವಣಿ ನೋಡಿದರು. ಸರಪಳಿಗೆ ಕಿವಿ ಇಟ್ಟರು. ಜೇಬಿನಿಂದ ಪುಟ್ಟ ಸುತ್ತಿಗೆ ತೆಗೆದು ಟಿಣ್ ಟಿಣ್ ಎನಿಸಿದರು.

"ಪಪ್ಪಾ, ಪ್ಲೀಸ್ ಬೇಸೀ ಜಾವ್ ನೇ! ಎಲ್ಲರು ನಿಮ್ಗೆ ನೋಡ್ತಾರೆ!" ಎಂದು ಪುಟ್ಟಿ ಹಲ್ಲು ಕಚ್ಚಿದಳು.

"ಪಹಲೇ ಆಪ್ ಬೈಠಿಯೇ" ಎಂದರು ಭಾವ ವೇವಾಯಿಗೆ. ಆಹಾ, ಎಂಥ ವಿನಯ ಎಂದುಕೊಂಡು ವೇವಾಯಿ ಕೂತರು. "ಸಬ್ ಬೈಠಿಯೇ. ದಾದಾಜಿ ಭೀ." ಪಾಪ, ಒಳಗಿನಿಂದ ಅಜ್ಜನನ್ನು ಎತ್ತಿ ತಂದರು. ವೇವಾಯಿಯ ತಮ್ಮಂದಿರು, ಅವರ ಹೆಂಡಂದಿರು, ನಾಚಿ ಕೆಂಪಾಗಿದ್ದ ಹುಡುಗ, ಎಲ್ಲರೂ ಒಬ್ಬರ ತೊಡೆಯ ಮೇಲೊಬ್ಬರು ಏರಿದರು. ಎಲ್ಲರೂ ತುಪ್ಪ ತಿಂದ ಶರೀರಗಳು! ಭಾವ ಹಿಂದಿನಿಂದ ಒಂದು ನೂಕು ಕೊಟ್ಟು, ಕಣ್ಣು ಕೊಕ್ಕೆಯ ಮೇಲಿಟ್ಟು, ಉಯ್ಯಾಲೆ ತಾನಾಗಿ ನಿಲ್ಲುವವರೆಗೂ ಕಾದು, "ಪಾಸ್" ಎಂದು ಕೈ ಮುಗಿದರು. ಅಜ್ಜನಿಗೆ ಬಹಳ ಖುಷಿಯಾಗಿತ್ತು, ಇನ್ನೊಮ್ಮೆ ತೂಗು ಎಂದ.

ಸಂಬಂಧ ಕುದುರಿತು. ನಿಜವಾದ ಆಘಾತ ಕಾದಿದ್ದು ಮದುವೆಯ ದಿನ. ನಾವು ಹೆಣ್ಣಿನ ಕಡೆಯವರು ಅವರ ಮನೆಯೊಳಗೆ ಕಾಲಿಡುತ್ತೇವೆ, ಉಯ್ಯಾಲೆಗೆ ಚೆಂಡುಹೂವು ಸುತ್ತಿದೆ, ಕೊಕ್ಕೆಗೆ ಕುಂಕುಮ ಹಚ್ಚಿದೆ, ಕೆಳಗೆ ತೆಂಗಿನಕಾಯಿ ಇಟ್ಟಿದೆ! ಜರಿ ಪೇಟ, ರೇಷ್ಮೆ ಸೀರೆಗಳ ಸಮೇತ ಗಂಡಿನ ಕಡೆಯವರೆಲ್ಲ ಅದರ ಮೇಲೆ ಒತ್ತಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಪುರೋಹಿತರು ಏನೋ ಮಂತ್ರವನ್ನೂ ಹೊಂದಿಸಿಕೊಂಡಿದ್ದಾರೆ.

"ಆವೋ ವೇವಾಯಿ, ಧಕ್ಕೋ ಮಾರೋ!" ಎಂದು ಉಯ್ಯಾಲೆ ನೂಕಲು ಭಾವನನ್ನು ಕರೆದರು.

ಅದು ಕರ್ನಾಟಕದ ಶಾಸ್ತ್ರ ಎಂದುಕೊಂಡಿದ್ದಾರೆ! ಹೆಣ್ಣಿನ ತಂದೆ ಬಂದು ಗಂಡಿನ ಮನೆಯವರನ್ನೆಲ್ಲ ಒಟ್ಟಿಗೆ ತೂಗಿ, ಇವರ ಒಗ್ಗಟ್ಟು ಗಟ್ಟಿಯಿದೆ ಎಂದು ನೋಡಿ ಮಗಳನ್ನು ಒಪ್ಪಿಸುತ್ತಾನಂತೆ. ಎಷ್ಟು ಚೆಂದದ ರಿವಾಜು ಎಂದು ಬೀಗಿತ್ತಿ ಕಣ್ಣೊರೆಸಿಕೊಂಡರು. ಅಕ್ಕ ಬಿಡಿಸಿ ಹೇಳಲು ಬಾಯಿ ತೆರೆದಳು, ನಾನು ಚಿವುಟಿದೆ. ಭಾವ ಗಂಭೀರವಾಗಿ ನೂಕಿದರು. ಆಮೇಲೆ ಅವರ ಪಕ್ಕದ ಮನೆಯ ಮದುವೆಯಲ್ಲೂ ಇದೇ ಶಾಸ್ತ್ರ ನಡೆಯಿತಂತೆ. ಅಲ್ಲಿ ಎರಡೂ ಕಡೆಯವರಲ್ಲಿ ಕರ್ನಾಟಕ ಕಂಡವರೇ ಇರಲಿಲ್ಲ!

ಹೀಗೆ ನಮ್ಮ ಭಾವನ ಮೇಲೆ ವೇವಾಯಿಗೆ ಅಪಾರ ಭಕ್ತಿ. ದೀಪಾವಳಿಗೆ ಸೂರತ್ತಿನ ವಜ್ರದ ಕಾರ್ಖಾನೆಗಳೆಲ್ಲ ಬೀಗ ಹಾಕಿ, ಊರಿಗೆ ಊರೇ ಪ್ರವಾಸ ಹೊರಡುತ್ತದೆ. ಕಳೆದ ದೀಪಾವಳಿಗೆ ಅವರ ಗುಂಪು ಮಲೇಷ್ಯಾಕ್ಕೆ ಹೊರಟಿತು. ಜತೆಗೆ ಅಡುಗೆಯ ಮಹಾರಾಜ್, ಮೂಟೆ ಮೂಟೆ ಖಾಖ್ರಾ, ಥೇಪ್ಲಾ ರೊಟ್ಟಿಗಳು. ನಮ್ಮನ್ನೂ ಕರೆದರು. ಕಾರ್ಯಕ್ರಮ ಓದಿ ಹೇಳುತ್ತಾ ಹೇಳುತ್ತಾ, "ಅಲ್ಲಿ ಮಳೆಕಾಡಿನಲ್ಲಿ ಮರಗಳ ತಲೆಯ ಮೇಲೆ ನಡೆಯುವ ದಾರಿ ಇದೆಯಂತೆ, ಮರದಿಂದ ಮರಕ್ಕೆ ತೂಗುಸೇತುವೆ" ಎಂದರು ವೇವಾಯಿ ಫೋನಿನಲ್ಲಿ. ಅಕ್ಕ ಫೋನು ಹಿಡಿದವಳು ಹಾಗೇ ಕುರ್ಚಿಯ ಮೇಲೆ ಕೂತಳು.

"ತೂಗು ಸೇತುವಿ? ಯಾರ ಪಾಸ್ ಮಾಡ್ಯಾರ ಅದನ್ನ?" ಎಂದರು ಭಾವ.

ಆ ಹೊತ್ತಿಗೆ ನಾನು ನಗಲಿಲ್ಲ. ನದಿಯ ಮೇಲಿನ ತೂಗುಸೇತುವೆ ಹರಿದು ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಕಂಡ ಗುಜರಾತಿನಲ್ಲಿ ಇರುವವರ ಮುಂದೆ ತೂಗುಸೇತುವೆ ಎಂದರೆ ಎಲ್ಲರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆ ಮೌನದ ಮೇಲೆ ಹಾಸ್ಯ ಮಾಡಲು ನನಗೂ ಬಾಯಿ ಬರುವುದಿಲ್ಲ. ಅಕ್ಕನೂ ವಾದಿಸಲಿಲ್ಲ. "ನೀವು ಬರದಿದ್ರೆ ನಾನೂ ಹೋಗಲ್ಲ" ಎಂದಳು. ಅಷ್ಟೇ. ಆಮೇಲೆ ಮಾತೇ ನಿಲ್ಲಿಸಿದಳು. ಜಗಳವಾಡಿದರೆ ಭಾವ ಎದುರಿಸಬಲ್ಲರು, ಹೆಂಡತಿಯ ಮೌನಕ್ಕೆ ಅವರ ಹತ್ತಿರ ಯಾವ ಸುತ್ತಿಗೆಯೂ ಇಲ್ಲ. ಒಂದು ಸಂಜೆ ಮೇಲೆ ಬಂದು ನನ್ನ ಬಾಗಿಲಲ್ಲಿ ನಿಂತರು.

"ತಂಗಿ, ನಿಮ್ಮಕ್ಕ ಮಾತಾಡವಲ್ಲಳು."

"ಹೋಗಿ ಬನ್ನಿ ಭಾವ. ಆಪರೇಷನ್ ಆದ್ಮೇಲೆ ಅವಳಿಗೆ ಇದೆಲ್ಲ ಆಗಲ್ಲ. ಇದೊಂದೇ ಸಲ."

ಬಹಳ ಹೊತ್ತು ನನ್ನ ಫ್ಯಾನನ್ನೇ ನೋಡಿದರು. "ಅಲ್ಲೇ ಹೋಗಿ ನಾನ ಪಾಸ್ ಮಾಡಬಹುದಲ್ಲ?" ಎಂದರು. ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು ಹೊರಟರು.

ಅಹಮದಾಬಾದಿನ ವಿಮಾನ ನಿಲ್ದಾಣದಲ್ಲಿ ಅವರ ಕೈಚೀಲದೊಳಗೆ ಸುತ್ತಿಗೆ ಸಿಕ್ಕಿತು.

"ಯೇ ಕ್ಯಾ ಹೈ ಅಂಕಲ್?" ಎಂದಳು ತಪಾಸಣೆಯ ಹುಡುಗಿ.

"ಹಥೋಡಿ."

"ಕಿಸ್ ಲಿಯೇ?"

"ಬ್ರಿಜ್ ಕೋ ಮಾರ್ನೇ ಕೇ ಲಿಯೇ!"

ವಿಮಾನಕ್ಕೆ ಹತ್ತುವ ಸೇತುವೆಯನ್ನು ಹುಡುಗಿ ತಿರುಗಿ ನೋಡಿದಳು. ಆಮೇಲೆ ನಮ್ಮ ಎಲ್ಲರ ಚೀಲಗಳೂ ಬಿಚ್ಚಿಕೊಂಡವು, ಥೇಪ್ಲಾಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಸುತ್ತಿಗೆ ಅಹಮದಾಬಾದಿನಲ್ಲೇ ಉಳಿಯಿತು. ಭಾವನ ಮುಖ ಬಾಡಿತು. ಆದರೂ ವಿಮಾನದಲ್ಲಿ ಗೊರಕೆ ಹೊಡೆದು ಮಲಗಿದರು. ಇಳಿದ ಮೇಲೆ ಕೇಳಿದೆ, "ಇದನ್ನ ಪಾಸ್ ಮಾಡದೆ ಹೇಗೆ ಹತ್ತಿದಿರಿ ಭಾವ?"

"ಇದು ತೂಗೂದಿಲ್ಲವಾ, ಹಾರತೈತಿ. ಬ್ಯಾರೆ ಡಿಪಾರ್ಟ್‌ಮೆಂಟ್."

ಮಳೆಕಾಡಿಗೆ ಹೊರಟ ಬೆಳಿಗ್ಗೆ ಭಾವ ಮಹಾರಾಜನ ಹತ್ತಿರ ಹೋಗಿ ಕಢಿಯ ಸೌಟು ಕೇಳಿ ಇಸಿದುಕೊಂಡರು. ಸುತ್ತಿಗೆಯ ಬದಲಿಗೆ ಸೌಟು! ಅದನ್ನು ಹೆಗಲ ಮೇಲಿಟ್ಟುಕೊಂಡು ನಮ್ಮ ಮುಂದೆ ನಡೆದರು. ದಾರಿ ಏರುತ್ತಾ ಏರುತ್ತಾ ಕೊನೆಗೆ ಒಂದು ಹೆಮ್ಮರದ ಸುತ್ತ ಕಟ್ಟಿದ ಮರದ ಅಟ್ಟಣೆಗೆ ಬಂದೆವು. ಅಲ್ಲಿಂದ ಮುಂದಕ್ಕೆ ಎರಡು ಬದಿಗೂ ಹಗ್ಗದ ಬಲೆ, ಕಾಲಿಗೆ ಕಿರಿದಾದ ಹಲಗೆ, ಒಬ್ಬರ ಹಿಂದೊಬ್ಬರು ಮಾತ್ರ ಹೋಗಬಹುದಾದ ಸೇತುವೆ. ಸುತ್ತ ಎಲೆ, ಕೆಳಗೂ ಎಲೆ. ನೆಲ ಎಲ್ಲಿದೆ ಎಂದು ಕಾಣಿಸುತ್ತಲೇ ಇರಲಿಲ್ಲ. ಅಕ್ಕ ಬಲೆಯ ಮೇಲೆ ಕೈಯಿಟ್ಟು ನಿಂತಳು. ಅವಳ ಮುಖ ಎಳೆ ಹುಡುಗಿಯ ಮುಖದ ಹಾಗೆ ಆಗಿತ್ತು.

"ತಡಿ, ನಾ ನೋಡ್ತೀನಿ" ಎಂದು ಭಾವ ಕುಕ್ಕರುಗಾಲಲ್ಲಿ ಕೂತು ಮೊದಲ ಬೋಲ್ಟಿಗೆ ಸೌಟು ಬಡಿದರು. ಟಿಣ್. ಎರಡನೆಯದಕ್ಕೆ ಬಡಿದರು. ಮತ್ತೆ ಮೊದಲನೆಯದಕ್ಕೆ ಬಂದರು. ಕಾಡಿನ ಗೈಡು ಮೊದಲು ನಕ್ಕ, ಆಮೇಲೆ ಗಡಿಯಾರ ನೋಡಿದ. ಹಿಂದೆ ಬೇರೆ ಬೇರೆ ದೇಶದ ಜನ ಸಾಲುಗಟ್ಟಿದರು.

"ಈ ಹಲಿಗಿ ಯಾವಾಗ ಹಾಕಿದ್ದ ಕೇಳು ತಂಗಿ."

ಕೇಳಿದೆ. ಗೈಡು ಹೇಳಿದ. ದಿನಾ ಬೆಳಿಗ್ಗೆ ತಾವೇ ನಡೆದು ನೋಡುತ್ತೇವೆ ಎಂದೂ ಹೇಳಿದ.

"ನಡದ ನೋಡಿದ್ರ ಆತೇನ? ಲೋಡ್ ಹಾಕಿ ನೋಡಬೇಕು!"

ಇಷ್ಟು ಕೇಳಿದ್ದೇ ತಡ, ವೇವಾಯಿಗೆ ಎಲ್ಲ ಅರ್ಥವಾಯಿತು. ಹಿಂದಿದ್ದ ಪರದೇಶದವರ ಕಡೆ ತಿರುಗಿ, "ಏ ಲೋಕೋನೋ ರಿವಾಜ್ ಛೇ, ಕಸ್ಟಮ್, ಕಸ್ಟಮ್!" ಎಂದು ವಿವರಿಸಿ, "ಚಾಲೋ ಬಧಾ!" ಎಂದು ತಮ್ಮ ಸಮಸ್ತ ಕುಟುಂಬವನ್ನು ಕರೆದರು. ತಮ್ಮಂದಿರು, ಅವರ ಹೆಂಡಂದಿರು, ಖಾಖ್ರಾದ ಡಬ್ಬಿಗಳು, ಎಲ್ಲರೂ ಒಟ್ಟಿಗೆ ಸೇತುವೆಗೆ ನುಗ್ಗಲು ಸಿದ್ಧರಾದರು. ಗೈಡು ಎರಡೂ ಕೈ ಅಗಲಿಸಿ "ನೋ! ನೋ! ನೋ!" ಎಂದು ಚೀರಿದ. ಬೀಗಿತ್ತಿ, "ನಾವು ಹತ್ತಿದರೇ ಅಲ್ಲವೇ ಅವರು ಬರುವುದು?" ಎಂದು ಗುಜರಾತಿಯಲ್ಲಿ ಅವನಿಗೇ ಬೈದರು. ಭಾವ ಸೌಟು ಎತ್ತಿ ನಡುವೆ ನಿಂತು ಇಬ್ಬರಿಗೂ ಕನ್ನಡದಲ್ಲಿ ಬುದ್ಧಿ ಹೇಳತೊಡಗಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು ತಿರುಗಿದರೆ, ಅಕ್ಕ ಪಕ್ಕದಲ್ಲಿ ಇಲ್ಲ.

ಅವಳು ಸೇತುವೆಯ ಮೇಲಿದ್ದಳು. ಯಾರಿಗೂ ಹೇಳದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಬ್ಬಳೇ ಹೊರಟುಬಿಟ್ಟಿದ್ದಳು. ನಡುಮಧ್ಯಕ್ಕೆ ಹೋಗಿದ್ದಾಳೆ. ಅಲ್ಲಿ ನಿಂತಿದ್ದಾಳೆ. ಮೊದಲು ಕಾಡು ನೋಡುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಅವಳು ಎರಡೂ ಕೈಯಿಂದ ಹಗ್ಗ ಹಿಡಿದು ಒಂದೇ ಕಾಲಿನ ಮೇಲೆ ನಿಂತಿರುವುದು ಕಂಡಿತು. ಎಡ ಮಂಡಿ ಹಿಡಿದುಕೊಂಡಿತ್ತು. ಮನೆಯಲ್ಲಿ ಹಾಗಾದರೆ ಗೋಡೆಗೆ ಒರಗಿ ಕೂರುತ್ತಾಳೆ. ಅಲ್ಲಿ ಒರಗಲು ಗಾಳಿ ಬಿಟ್ಟರೆ ಏನಿದೆ?

"ಅಕ್ಕಾ!" ಎಂದೆ.

ಅವಳು ತಿರುಗಲಿಲ್ಲ. "ಹಿಡ್ಕೊಂಡಿದೆ ಕಣೇ. ಬರೋಕೆ ಆಗ್ತಿಲ್ಲ, ಹೋಗೋಕೂ ಆಗ್ತಿಲ್ಲ" ಎಂದಳು.

ಗೈಡು ಸೊಂಟದ ಪಟ್ಟಿ ಬಿಗಿದುಕೊಳ್ಳುತ್ತಾ ಮುಂದೆ ಬಂದ. ಭಾವ ಅವನ ಕೈಗೆ ಸೌಟು ಕೊಟ್ಟರು. ಕೊಟ್ಟು, ಯಾವ ಬೋಲ್ಟನ್ನೂ ನೋಡದೆ, ಯಾವ ಹಲಗೆಯನ್ನೂ ಬಡಿಯದೆ, ಸೇತುವೆಯ ಮೇಲೆ ಕಾಲಿಟ್ಟರು. ಎರಡು ಹೆಜ್ಜೆ ಇಟ್ಟ ಮೇಲೆ ಅವರ ನಡಿಗೆ ಏನೋ ವಿಚಿತ್ರವಾಗಿದೆ ಎನಿಸಿತು. ಹಗ್ಗಕ್ಕೆಂದು ಕೈ ಚಾಚಿದರೆ ಹಗ್ಗ ಸಿಗುತ್ತಿರಲಿಲ್ಲ, ತಡವುತ್ತಿದ್ದರು. ಸೇತುವೆ ಓಲಾಡಿದಾಗ ಅಕ್ಕ ಕತ್ತು ತಿರುಗಿಸಿ ನೋಡಿದಳು.

"ರೀ, ಕಣ್ಣು ಮುಚ್ಕೊಂಡು ಬರ್ತಿದೀರಾ?"

"ಹೂಂ."

"ಸರಿ, ಹಾಗೇ ಬನ್ನಿ. ಬಿಡಬೇಡಿ ಕಣ್ಣು. ಬಲಗೈ ಸ್ವಲ್ಪ ಕೆಳಗೆ... ಹಾಂ, ಅದೇ ಹಗ್ಗ. ಹಲಗೆ ನೇರ ಇದೆ, ಪಾದ ಎಳ್ಕೊಂಡು ಬನ್ನಿ."

ಅವಳ ದನಿ ಹಿಡಿದುಕೊಂಡು ಅವರು ಹೋದರು. ಭಾವ ತಲುಪಿದರು. ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈ ಅಕ್ಕನ ಕಂಕುಳಿಗೆ ಕೊಟ್ಟು, ಅವಳ ಭಾರವನ್ನೆಲ್ಲ ತಮ್ಮ ಮೇಲೆ ತೆಗೆದುಕೊಂಡರು. ಗೈಡು ಹಿಂದಕ್ಕೆ ಬರಲು ಕೈಸನ್ನೆ ಮಾಡಿದ. ಅಕ್ಕ ತಲೆಯಾಡಿಸಿ ಮುಂದಕ್ಕೇ ನಡೆದಳು. ಅವನು ನನ್ನನ್ನು ಕಳಿಸಿ ತಾನೂ ಹಿಂದೆ ಬಂದ.

ಹಾಗಾಗಿ ನನಗೆ ಎಲ್ಲವೂ ಕೇಳಿಸಿತು. ಅಕ್ಕ ಪಾಠ ಮಾಡುತ್ತಿದ್ದಳು.

"ಈಗ ಎಡಗಡೆ ಒಂದು ಮರದ ನೆತ್ತಿ ಬಂತು ರೀ. ನಮ್ಮ ಕಾಲಿಗಿಂತ ಕೆಳಗಿದೆ. ಚಿಗುರು ಕೆಂಪಗಿದೆ, ನಮ್ಮ ಮಾವಿನ ಚಿಗುರಿನ ಹಾಗೇ. ಕೊಂಬೆ ಮೇಲೆ ಜರೀಗಿಡ ಗೂಡು ಕಟ್ಟಿದ ಹಾಗೆ ಬೆಳೆದಿದೆ. ಹೆಜ್ಜೆ ಇಡಿ."

"ಹೂಂ. ಮುಂದ?"

"ಮುಂದೆ... ಅಯ್ಯೋ, ಇದನ್ನ ನೋಡಿ ರೀ! ಬೇಡ, ನೋಡಬೇಡಿ. ಇಷ್ಟು ಮರ ಒತ್ತಾಗಿವೆಯಲ್ಲ, ಒಂದರ ಎಲೆ ಇನ್ನೊಂದಕ್ಕೆ ತಾಕೇ ಇಲ್ಲ. ಎರಡು ಮರದ ನಡುವೆ ಸಣ್ಣದಾಗಿ ಬೆಳಕಿಗೆ ದಾರಿ ಬಿಟ್ಟಿವೆ. ಎಲ್ಲಾ ಮರಾನೂ ಹಾಗೇ. ಪುಸ್ತಕದಲ್ಲಿ ಇದನ್ನ ಬರೆದಿರಲಿಲ್ಲ."

"ಬೆಳಕ ಹೆಂಗೈತಿ?"

"ಹಳದಿ ಇದೆ. ಗೆರೆ ಗೆರೆಯಾಗಿ ಬಿದ್ದಿದೆ."

ಆ ಕಡೆಯ ಅಟ್ಟಣೆಗೆ ಬಂದೆವು. ಭಾವ ಮರದ ಕಾಂಡ ಕೈಗೆ ಸಿಕ್ಕ ಮೇಲೆಯೇ ಕಣ್ಣು ತೆರೆದು, ಅದಕ್ಕೆ ಬೆನ್ನು ಕೊಟ್ಟು ಕೂತರು. ಅಂಗಿ ಒದ್ದೆಯಾಗಿತ್ತು. ಅಕ್ಕ ಸೆರಗಿನಿಂದ ಅವರ ಅಂಗೈ ಒರೆಸಿದಳು.

"ಭಾವ, ನಿಮಗೆ ಎತ್ತರ ಕಂಡ್ರೆ ಹೆದರಿಕೆನಾ?" ಎಂದೆ. ಅದು ಹೇಗೆ ಸಾಧ್ಯ? ಅಷ್ಟು ವರ್ಷ ಕ್ರೇನಿನ ಏಣಿ ಹತ್ತಿಳಿದ ಮನುಷ್ಯ!

ಅಕ್ಕನೇ ಹೇಳಿದಳು. "ಮೊದಲಿಂದ ಇದೆ. ಏಣಿ ಹತ್ತೋ ದಿನ ಬೆಳಿಗ್ಗೆ ತುತ್ತು ಇಳೀತಿರಲಿಲ್ಲ ಇವರಿಗೆ. ಹೆದರಿಕೆ ಇತ್ತು, ಆದರೆ ಕೆಲಸಾನೂ ಇತ್ತಲ್ಲ, ಮನೆಯೂ ಇತ್ತು. ಯಾರಿಗೂ ಹೇಳಬೇಡ ಅಂದಿದ್ರು."

"ಹೆದರಿಕಿ ಇತ್ತಂತ ಛಲೋತ್ನಾಗಿ ನೋಡ್ತಿದ್ದೆ ತಂಗಿ" ಎಂದರು ಭಾವ, ತಲೆ ತಗ್ಗಿಸಿಕೊಂಡು. "ಹೆದರಿಕಿ ಇಲ್ಲದವರು ಸುಮ್ಮ ಸಹಿ ಹಾಕಿ ಹೋಗ್ತಾರ. ಕೆಳಗ ಮಂದಿ ನಿಂತಿರ್ತಾರಲ್ಲ?"

ನನಗೆ ಅಳು ಬಂತು. ಇಷ್ಟು ವರ್ಷ ಇವರನ್ನು ಆಡಿಕೊಂಡು ನಾನು ನಗಿಸದ ನೆಂಟರಿಲ್ಲ. ಅವರಿಗೆ ನೀರಿನ ಬಾಟಲಿ ಕೊಟ್ಟೆ.

ಅಷ್ಟರಲ್ಲಿ ಗೈಡು ಬಂದು, ಇಲ್ಲಿಂದ ಕೆಳಗಿಳಿಯಲು ಮೆಟ್ಟಿಲಿದೆ, ಬೇಕಾದರೆ ಇಲ್ಲೇ ಮುಗಿಸಬಹುದು, ಮುಂದೆ ಇನ್ನೂ ಸೇತುವೆಗಳಿವೆ ಎಂದ. ಅಕ್ಕ ಮುಂದಿನ ಸೇತುವೆಯ ಕಡೆ ಒಮ್ಮೆ ನೋಡಿದಳು. ಅದು ಇನ್ನೂ ಎತ್ತರದಲ್ಲಿತ್ತು, ಅದರಾಚೆ ಹೂಬಿಟ್ಟ ಮರವೊಂದು ಕಾಣುತ್ತಿತ್ತು. ನೋಡಿ, ಗಂಡನ ಕಡೆ ತಿರುಗಿದಳು.

"ಇಳಿದುಬಿಡೋಣ ರೀ. ನಾನು ನೋಡಬೇಕಾದ್ದು ನೋಡಿದ್ದಾಯ್ತು. ಮಂಡಿನೂ ನೋಯ್ತಿದೆ."

ಭಾವ ಅವಳ ಮುಖವನ್ನೇ ನೋಡಿದರು. "ನೋವು ಹೆಚ್ಚೈತೇನ?" ಎಂದರು.

"ಈಗ ಬಿಟ್ಟಿದೆ" ಎಂದುಬಿಟ್ಟಳು, ಸುಳ್ಳು ಹೇಳಲು ಬಾರದವಳು.

ಭಾವ ಮರ ಹಿಡಿದುಕೊಂಡು ಎದ್ದರು. ಮುಂದಿನ ಸೇತುವೆಯ ಬಾಯಲ್ಲಿ ಹೋಗಿ ನಿಂತು, ಕಣ್ಣು ಮುಚ್ಚಿ, ಕೈ ಚಾಚಿದರು.

"ಕಣ್ಣ ತೆಗದ್ರ ನನಗ ಬರೇ ಆಳ ಕಾಣತೈತಿ. ಮುಚ್ಚಿದ್ರ ನೀ ಹೇಳೂ ಗಿಡಾ ಕಾಣತಾವ. ನಡಿ, ಇನ್ನೊಂದಿಷ್ಟು ತೋರಸು."

ಅಕ್ಕ ಆ ಕೈ ಹಿಡಿದಳು. ಅವರ ಪಾದ ಹಲಗೆಯ ಮೇಲೆ ಬಂದದ್ದು ನೋಡಿಕೊಂಡು, "ಬಲಗಡೆ ಒಂದು ಹೂಬಿಟ್ಟ ಮರ ಇದೆ..." ಎಂದು ಶುರುಮಾಡಿದಳು.